ಶಾಂತರಾಗಿರಿ, ಇದು ಸರ್ಕಾರದ ಅಪ್ಪಣೆ

(ಲಂಡನ್, 1940ರ ಆಗಸ್ಟ್. ಸೆನೆಟ್ ಹೌಸ್‌ನಲ್ಲಿರುವ ಮಾಹಿತಿ ಸಚಿವಾಲಯ. ಸಂವಾದ ಕಲ್ಪಿತ, ಸಂಗತಿ ನಿಜ.)

ಅಧಿಕಾರಿ: ಪ್ರಜೆಗಳ ಧೈರ್ಯ ನಮ್ಮ ಇಲಾಖೆಯ ಹೊಣೆ. ಅದಕ್ಕೆಂದೇ ಕಳೆದ ವರ್ಷ ‘ಶಾಂತರಾಗಿರಿ, ಮುಂದೆ ಸಾಗಿರಿ’ ಎಂಬ ಭಿತ್ತಿಪತ್ರ ಅಚ್ಚು ಹಾಕಿಸಿದೆವು. ಕೆಂಪು ಹಾಳೆ, ಬಿಳಿ ಅಕ್ಷರ, ನೆತ್ತಿಯ ಮೇಲೆ ಕಿರೀಟ, ಸುಮಾರು 24.5 ಲಕ್ಷ ಪ್ರತಿ! ಭಾರಿ ಬಾಂಬ್ ದಾಳಿಯಾದಾಗ ಅಂಟಿಸೋಣವೆಂದು ಕಾದಿಟ್ಟೆವು. ಅಷ್ಟರಲ್ಲಿ ಕಾಗದದ ಅಭಾವ ಬಂತು. ಬಹುಪಾಲು ರದ್ದಿಗೆ ಹೋಯಿತು. ಅದೂ ದೇಶಸೇವೆಯೇ ಅನ್ನಿ.

ನಾಗರಿಕ: ಅಂದರೆ ನಿಮ್ಮ ಅಪ್ಪಣೆ ತಲುಪದೆಯೇ ನಾವು ಶಾಂತರಾಗಿದ್ದೆವು, ಸ್ವಾಮಿ! ತಾಳ್ಮೆ ತಪ್ಪಿದ್ದು ನೀವು. ಜುಲೈನಲ್ಲಿ ಬಾಯಿ ಬಿಗಿಹಿಡಿದು ‘ಮೌನ ಪಡೆ’ ಸೇರಿ ಎಂದು ಪ್ರಚಾರ ಶುರುಮಾಡಿದಿರಿ. ಸೋಲಿನ ಮಾತಾಡಿದವರಿಗೆ ಕೋರ್ಟು, ದಂಡ, ಜೈಲು. ತಿಂಗಳು ತುಂಬುವುದರೊಳಗೆ ಪ್ರಧಾನಿ ಚರ್ಚಿಲ್ಲರೇ ಪಾರ್ಲಿಮೆಂಟಿನಲ್ಲಿ ಆ ಪ್ರಚಾರಕ್ಕೆ ಮಂಗಳ ಹಾಡಿದರು. ಜನರ ಮನಸ್ಸು ಅರಿಯಲು ನೀವು ಮನೆಮನೆಗೆ ಕಳಿಸಿದ ಸಮೀಕ್ಷಕರನ್ನು ಪತ್ರಿಕೆಗಳು ಸಚಿವ ಡಫ್ ಕೂಪರ್ ಅವರ ಬೇಹುಗಾರರು ಎಂದೇ ಹಂಗಿಸಿದವು.

ಅಧಿಕಾರಿ: ಯುದ್ಧಕಾಲದಲ್ಲಿ ಎಲ್ಲವನ್ನೂ ಬಾಯಿಬಿಡಲಾದೀತೆ? ಶತ್ರುವಿಗೂ ಕಿವಿಯಿದೆ.

ನಾಗರಿಕ: ಹಡಗು ಹೊರಡುವ ಹೊತ್ತು ಗುಟ್ಟಾಗಿರಲಿ, ತಕರಾರಿಲ್ಲ. ಆದರೆ ನೆರೆಯವನೆದುರು ಅಂಜಿಕೆ ತೋಡಿಕೊಂಡರೆ ಯಾವ ಗುಟ್ಟು ಸೋರುತ್ತದೆ? ‘ಗೆಲುವಿಗಾಗಿ ಅಗೆಯಿರಿ’ ಎಂದ ಕೃಷಿ ಸಚಿವಾಲಯ ಯಾವಾಗ ಏನು ಬಿತ್ತಬೇಕೆಂದೂ ತಿಳಿಸಿತು. ಜನ ಹೂದೋಟ ಅಗೆದು ಆಲೂಗಡ್ಡೆ ಹಾಕಿದರು. ಅಲ್ಲಿ ನಮಗೆ ಸಿಕ್ಕಿದ್ದು ಕೆಲಸಕ್ಕೆ ಬರುವ ಮಾಹಿತಿ, ಇಲ್ಲಿ ಬರೀ ಉಪದೇಶ. ತನ್ನ ಪ್ರಜೆಗಳನ್ನೇ ನಂಬದ ಸರ್ಕಾರ ಅವರಿಂದ ನಂಬಿಕೆ ನಿರೀಕ್ಷಿಸಬಾರದು.