ಅಗಳಿಯ ಸ್ವಿಚ್ ಡಬ್ಬಿ: ಒಂದು ತ್ರಿವರ್ಣ ಮೀಮಾಂಸೆ

ಮೊದಲು ಡಬ್ಬಿಯ ವಿಚಾರ. ಮುಂದೆ ಮೂರು ಗುಂಡಿ, ಹಿಂದೆ ಹನ್ನೆರಡು ತೂತು, ಒಳಗೆ ಬಹುಪಾಲು ಖಾಲಿ: ಇದು ಎವಿ ಸ್ವಿಚ್ ಡಬ್ಬಿಯ ಲಕ್ಷಣ. ಟಿವಿಗೆ ಬಾಯಿ ಒಂದೇ, ಉಣಿಸಲು ಬಂದವರು ಮೂವರು ಎಂಬ ಪ್ರಾಚೀನ ಸಂಕಟಕ್ಕೆ ಇದು ಪರಿಹಾರ. ಪ್ರಾಚೀನ ಎಂದರೆ ದಪ್ಪ ಬೆನ್ನಿನ ಟಿವಿಗಳ ಕಾಲ.

ಈ ಶಾಸ್ತ್ರಕ್ಕೆ ಅಗಳಿಗಿಂತ ಪ್ರಶಸ್ತವಾದ ಕ್ಷೇತ್ರವಿಲ್ಲ. ಊರು ಆಂಧ್ರದ ಮಡಕಶಿರಾ ಸೀಮೆಯದು, ಮಗ್ಗುಲಿಗೆ ಕರ್ನಾಟಕದ ಶಿರಾ ತಾಲ್ಲೂಕು. ಮನೆಯೊಳಗೆ ಕನ್ನಡ, ಕಚೇರಿಯೊಳಗೆ ತೆಲುಗು. ನೊಳಂಬರ ಹೆಂಜೇರು, ಈಗಿನ ಹೇಮಾವತಿ, ಇದೇ ಸೀಮೆಯಲ್ಲಿದೆ; ನೊಳಂಬರು ಎವಿ ಪಿನ್ ಬಳಸಿದ್ದಕ್ಕೆ ಮಾತ್ರ ಶಾಸನಾಧಾರವಿಲ್ಲ. ದೃಷ್ಟಾಂತಕ್ಕೊಂದು ಮನೆ ಕಲ್ಪಿಸೋಣ: ಮೊದಲ ಗುಂಡಿಗೆ ಅಪ್ಪನ ತೆಲುಗು ಸುದ್ದಿಯ ಕೇಬಲ್, ಎರಡನೆಯದಕ್ಕೆ ಅಜ್ಜಿಗೆಂದು ಕನ್ನಡ ಪ್ಯಾಕ್ ಹಾಕಿಸಿದ ಡಿಶ್, ಮೂರನೆಯದಕ್ಕೆ ಮೊಮ್ಮಗನ ಡಿವಿಡಿ.

ವರ್ಣವಿಚಾರ ಹೀಗಿದೆ. ಹಳದಿ ಚಿತ್ರ, ಬಿಳಿ ಎಡದ ದನಿ, ಕೆಂಪು ಬಲದ ದನಿ. ಬಿಳಿ, ಕೆಂಪು ಅದಲುಬದಲಾದರೆ ಎಡಗಡೆಯಿಂದ ಬಂದ ಬಸ್ಸು ಬಲಗಡೆ ಹಾರ್ನ್ ಹೊಡೆಯುತ್ತದೆ. ಒಂದೇ ಸ್ಪೀಕರಿನ ಮನೆಯಲ್ಲಿ ಈ ಅಪರಾಧ ದಕ್ಕಿಬಿಡುತ್ತದೆ. ಹಳದಿಯನ್ನು ಬಿಳಿಯ ತೂತಿಗೆ ಚುಚ್ಚಿದರೆ ಕ್ಷಮೆಯಿಲ್ಲ. ಚಿತ್ರ ಮಾಯ, ಸೆಕೆಂಡಿಗೆ 50 ಸಲ ಮಿಡಿಯುವ ಅದರ ಸಂಕೇತವೇ ಸ್ಪೀಕರಿನಲ್ಲಿ ಗೊರ್ರೆಂದು ಮೊರೆಯುತ್ತದೆ.

ಪೂರ್ವಪಕ್ಷ: ಡಬ್ಬಿಗೆ ಕರೆಂಟಿಲ್ಲ, ಆದ್ದರಿಂದ ಅದು ಕೆಲಸ ಮಾಡದು. ಸಿದ್ಧಾಂತ: ತಗಡಿಗೆ ತಗಡು ತಾಗುವುದಕ್ಕೆ ಕರೆಂಟೇಕೆ? ಅದಕ್ಕೇ ತಿರುಗುಮುರುಗಾಗಿ ಜೋಡಿಸಿದರೂ ಅದು ಮುನಿಯುವುದಿಲ್ಲ. ಒಂದು ಪ್ಲೇಯರಿನ ಚಿತ್ರವನ್ನು ಮೂರು ಟಿವಿಗಳಲ್ಲಿ ಬೇಕಾದುದಕ್ಕೆ ಕಳಿಸುತ್ತದೆ.

ಒಂದು ಗುಂಡಿ ಒಳಹೋದರೆ ಇನ್ನೊಂದು ಟಕ್ಕೆಂದು ಹೊರಬರುತ್ತದೆ. ರಾಜ್ಯಶಾಸ್ತ್ರಜ್ಞರು ಇಲ್ಲಿ ಕನ್ನಡಕ ಒರೆಸಿಕೊಳ್ಳಬೇಕು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವಾದಾಗ ಬಳ್ಳಾರಿ ಜಿಲ್ಲೆಯ ಬಹುಭಾಗಕ್ಕೆ ಮೈಸೂರಿನ ಗುಂಡಿ ಒತ್ತಿದರು. ರಾಯದುರ್ಗ, ಆದೋನಿ, ಆಲೂರುಗಳಿಗೆ ಆಂಧ್ರದ್ದು. ಮಡಕಶಿರಾ ಅನಂತಪುರದ ಜೊತೆಗೇ ಉಳಿದು, 2022ರಲ್ಲಿ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ನಕಾಶೆಯ ಡಬ್ಬಿಯಲ್ಲಿ ಒಂದು ಸಲಕ್ಕೆ ಒಂದೇ ಗುಂಡಿ.

ಆದರೆ ಅಗ್ಗದ ಡಬ್ಬಿಯಲ್ಲಿ ಎರಡನ್ನೂ ಒಟ್ಟಿಗೆ ಅದುಮಿದರೆ ಎರಡೂ ಕಚ್ಚಿಕೊಂಡು ಕೂರುವುದುಂಟು. ಆಗ ತೆಲುಗು ಸುದ್ದಿಯ ಮೇಲೆ ಕನ್ನಡ ಧಾರಾವಾಹಿಯ ಅತ್ತೆಯ ನೆರಳು ತೇಲುತ್ತದೆ, ಎರಡು ದನಿ ಒಂದೇ ಸ್ಪೀಕರಿನಲ್ಲಿ ಬರುತ್ತವೆ. ರಿಪೇರಿಯವನು ಇದನ್ನು ದೋಷ ಎನ್ನುತ್ತಾನೆ. ಅಗಳಿಯ ಬಸ್ ಸ್ಟ್ಯಾಂಡಿನಲ್ಲಿ ಇದಕ್ಕೆ ಮಾತುಕತೆ ಎಂದು ಹೆಸರು.

ಕಡೆಗೆ ಎಚ್‌ಡಿಎಂಐ ಯುಗ. ತಂತಿ ಒಂದೇ, ಪಿನ್ನು 19, ಚಿತ್ರವೂ ದನಿಯೂ ಅದರಲ್ಲೇ. ಬಣ್ಣವಿಲ್ಲದ ಕಾರಣ ತಪ್ಪಿ ಚುಚ್ಚುವ ಸುಖವೂ ಹೋಯಿತು. ಗುಂಡಿ ಬದಲಿಸಿದಾಗಲೆಲ್ಲ ಟಿವಿಯೂ ಪ್ಲೇಯರೂ ಪರಸ್ಪರ ಊರು, ಕುಲಗೋತ್ರ ವಿಚಾರಿಸಿಕೊಳ್ಳುವವರೆಗೆ ಪರದೆ ಕಪ್ಪಾಗಿರುತ್ತದೆ. ಅಷ್ಟರಲ್ಲಿ ಅಜ್ಜಿ, “ಹೋಯ್ತೇನೋ ಟಿವಿ?” ಎಂದು ಮೊಮ್ಮಗನನ್ನು ಹಳೇ ಡಬ್ಬಿ ಹುಡುಕಲು ಅಟ್ಟ ಹತ್ತಿಸಿರುತ್ತಾಳೆ.