ಗುಡಿ ಕಡೆಗೆ ಒಂದನೇ ಗೇರು

ನನ್ನ ಜೇಬಿನಲ್ಲಿ 16 ವರ್ಷ ಹಳೆಯ ಡ್ರೈವಿಂಗ್ ಲೈಸೆನ್ಸ್ ಇದೆ. ಸಂಜೆ ಆರು ಗಂಟೆಗೆ ಹೆಬ್ಬಾಳದ ಮೇಲ್ಸೇತುವೆಯ ಮೇಲೆ, ಮುಂದಿನ ಬಸ್ಸಿಗೂ ಹಿಂದಿನ ಲಾರಿಗೂ ನಡುವೆ, ಹಾಫ್ ಕ್ಲಚ್ಚಿನಲ್ಲೇ ಮುಕ್ಕಾಲು ಗಂಟೆ ತೆವಳಿ ಪಳಗಿದ ಕಾಲು ನನ್ನದು. ಇಂಥವನಿಗೆ ಟ್ರ್ಯಾಕ್ಟರ್ ಯಾವ ಲೆಕ್ಕ? ದೊಡ್ಡಬಳ್ಳಾಪುರ ದಾಟಿ ಸಾಸಲಿನ ದಾರಿ ಹಿಡಿಯುವವರೆಗೂ ಹೀಗೇ ಅಂದುಕೊಂಡಿದ್ದೆ.

ಸಾಸಲಿನಲ್ಲಿ ನನ್ನ ಸೋದರಮಾವನ ಮನೆ. ದೊಡ್ಡಬಳ್ಳಾಪುರ ತಾಲ್ಲೂಕಿನ ಐದು ಹೋಬಳಿಗಳಲ್ಲಿ ಒಂದು ಅದು. ಕಾಗದದ ಮೇಲೆ ನಾವು ಬೆಂಗಳೂರಿನವರೇ, ಪಕ್ಕದಲ್ಲಿ 'ಗ್ರಾಮಾಂತರ' ಅಂತ ಇರುತ್ತಿತ್ತು ಅಷ್ಟೆ. ತಲೆಯ ಮೇಲೆ ದೇವನಹಳ್ಳಿಯಲ್ಲಿ ಇಳಿಯುವ ವಿಮಾನ, ಕಾಲ ಕೆಳಗೆ ರಾಗಿ. ನಾನು ಹೋದದ್ದು ರಾಗಿ ಒಕ್ಕಣೆಯ ಕಾಲ. ಕೊಯ್ದ ರಾಗಿ ಮೆದೆಯಲ್ಲಿ ಒಣಗಿ ಕೂತಿತ್ತು. ಕಣ ಸಾರಿಸಿ ಆಗಿತ್ತು. ಕಣದಲ್ಲಿ ತೆನೆ ಹರಡಿ ಅದರ ಮೇಲೆ ಟ್ರ್ಯಾಕ್ಟರ್ ಸುತ್ತಿಸುವುದೊಂದು ಬಾಕಿ. ಮಾವನಿಗೆ ಎಡಗಾಲು ಉಳುಕಿ ಗೋಣಿಚೀಲದಷ್ಟು ಊದಿಕೊಂಡಿತ್ತು. ಕ್ಲಚ್ಚು ತುಳಿಯುವ ಕಾಲೇ ಅದು. ಟ್ರ್ಯಾಕ್ಟರ್ ಓಡಿಸುವ ಹುಡುಗ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಹೋಗಿ ಮೂರು ದಿನವಾಗಿತ್ತು. ಹಳ್ಳಿಕಾರ್ ಹೋರಿ ನೋಡೋಕಂತೆ. ವರ್ಷವೆಲ್ಲ ಟ್ರ್ಯಾಕ್ಟರ್ ಮೇಲೆ ಕೂರುವವನು ರಜೆ ಹಾಕಿ ಎತ್ತು ನೋಡಲು ಹೋಗಿದ್ದ. ವರ್ಷವೆಲ್ಲ ಕಂಪ್ಯೂಟರ್ ಮುಂದೆ ಕೂರುವ ನಾನು ರಜೆ ಹಾಕಿ ಟ್ರ್ಯಾಕ್ಟರ್ ನೋಡಲು ಬಂದಿದ್ದೆ. ಯಾರನ್ನು ಯಾರು ಆಡಿಕೊಳ್ಳುವುದು?

"ಕಾರು ಓಡುಸ್ತೀಯಲ್ಲ ಅಳಿಮಯ್ಯ, ಇದೇನ್ ಮಹಾ," ಅಂದರು ಮಾವ.

ಅದು ಕೆಂಪು ಮ್ಯಾಸಿ 1035. 'ಮ್ಯಾಸಿ' ಅಂದರೆ ಮ್ಯಾಸಿ ಫರ್ಗೂಸನ್. ಚೆನ್ನೈನಲ್ಲಿ 1960ರಲ್ಲಿ ಶುರುವಾದ ಟಾಫೆ ಕಂಪನಿಯವರದು, ಒಳಗೆ ಮೂರು ಸಿಲಿಂಡರಿನ ಸಿಂಪ್ಸನ್ ಇಂಜಿನ್. ಮಾವ ತಂದಾಗಲೇ ಅದು ಎರಡು ಮನೆ ತಿರುಗಿ ಬಂದಿತ್ತು. ಆದ್ದರಿಂದ ಕೆಂಪು ಎನ್ನುವುದು ಈಗ ಬಣ್ಣವಲ್ಲ, ನೆನಪು. ಸೀಟಿನ ಮೇಲೆ ಮಡಿಸಿದ ಗೋಣಿತಾಟು, ಮಡ್‌ಗಾರ್ಡಿನ ಮೇಲೆ ಅತ್ತೆ ಶುಕ್ರವಾರ ಇಟ್ಟ ಅರಿಶಿನ ಕುಂಕುಮ, ಬಾನೆಟ್ಟಿನ ಮುಂದೆ ಒಣಗಿದ ನಿಂಬೆಹಣ್ಣು. ಪಕ್ಕದ ಹೊಲದವರ ಹತ್ತಿರ ಎಚ್‌ಎಂಟಿ ಜೀಟರ್ ಇದೆ. ನಮ್ಮ ಮಾವನ ಮಣಿಕಟ್ಟಿನಲ್ಲಿ ಟಿಕ್ ಟಿಕ್ ಅನ್ನುತ್ತಿರುವ ಗಡಿಯಾರದ ಕಂಪನಿಯೇ 1971ರಲ್ಲಿ ಹರಿಯಾಣದ ಪಿಂಜೋರಿನಲ್ಲಿ, ಜೆಕೊಸ್ಲೊವಾಕಿಯಾದವರ ನೆರವಿನಿಂದ ಟ್ರ್ಯಾಕ್ಟರ್ ಮಾಡಲು ಹೊರಟಿತ್ತು. "ಅವ್ರುದ್ಕೆ ಬೆಳಿಗ್ಗೆ ಎದ್ದು ಕೀ ಕೊಡ್ಬೇಕು," ಎಂದು ಮಾವ ಇಂದಿಗೂ ಆಡಿಕೊಳ್ಳುತ್ತಾರೆ. ತಮ್ಮದನ್ನು ದಿಬ್ಬದ ಮೇಲೆ ನಿಲ್ಲಿಸಿ, ನಾಲ್ಕು ಜನ ತಳ್ಳಿ ಸ್ಟಾರ್ಟ್ ಮಾಡಬೇಕು ಎನ್ನುವುದು ಆ ಹೊತ್ತಿನಲ್ಲಿ ಅವರಿಗೆ ನೆನಪಾಗುವುದಿಲ್ಲ.

ಹತ್ತಿ ಕೂತೆ. ಅಲ್ಲಿಂದ ನೋಡಿದರೆ ಊರು ಸ್ವಲ್ಪ ಚಿಕ್ಕದಾಗಿಯೂ ನಾನು ಸ್ವಲ್ಪ ದೊಡ್ಡವನಾಗಿಯೂ ಕಂಡೆ. ಕೆಳಗೆ ನೋಡಿದಾಗ ಆ ಭಾವನೆ ಹೋಯಿತು. ಕಾಲಿಗೆ ಮೂರು ಪೆಡಲ್ಲು, ಅದರಲ್ಲಿ ಬ್ರೇಕೇ ಎರಡು. ಎಡಚಕ್ರಕ್ಕೊಂದು, ಬಲಚಕ್ರಕ್ಕೊಂದು. "ಎಡಗೋಲು ಎತ್ತು, ಬಲಗೋಲು ಎತ್ತು ಇದ್ದಂಗೆ. ಯಾವ ಕಡೆ ತಿರುಗ್ಬೇಕೋ ಆ ಕಡೇದು ಹಿಡ್ಕೋ," ಎಂದರು ಮಾವ. ಸರಿ, ಅರ್ಥವಾಯಿತು. ಆಮೇಲೆ ಗೇರು. ಅದಕ್ಕೆ ಒಂದಲ್ಲ ಎರಡು ಕಡ್ಡಿ. ಉದ್ದದ್ದರಲ್ಲಿ ಮುಂದಕ್ಕೆ ಮೂರು, ಹಿಂದಕ್ಕೆ ಒಂದು. ಗಿಡ್ಡದ್ದರಲ್ಲಿ ನಿಧಾನ ಇಲ್ಲವೇ ಜೋರು. ಎರಡನ್ನೂ ಕೂಡಿಸಿದರೆ ಮುಂದಕ್ಕೆ ಆರು ಗೇರು, ಹಿಂದಕ್ಕೆ ಎರಡು. ಹಿಂದಕ್ಕೆ ಜೋರಾಗಿ ಹೋಗುವ ಅವಸರ ಭೂಮಿಯ ಮೇಲೆ ಯಾವ ರೈತನಿಗೆ ಬರುತ್ತದೋ ಎಂದು ಆಗ ನಕ್ಕಿದ್ದೆ.

ಗೇರಿನ ಗುಬುಟಿನ ಮೇಲೆ ಯಾವುದು ಎಲ್ಲಿದೆ ಎಂಬ ನಕ್ಷೆ ಇರಬೇಕಲ್ಲ? ಇತ್ತಂತೆ. ಮೂರು ಮನೆಯ ಅಂಗೈಗಳು ಸೇರಿ ಅದನ್ನು ತಿಕ್ಕಿ ಸಾಲಿಗ್ರಾಮ ಮಾಡಿದ್ದವು. ಅದೂ ಅಲ್ಲದೆ ಮಾವನ ಲೆಕ್ಕದಲ್ಲಿ ಗೇರುಗಳಿಗೆ ನಂಬರೇ ಇಲ್ಲ. ಉಳೋ ಗೇರು, ಗೊಬ್ಬರದ ಗೇರು, ಸಂತೆ ಗೇರು, ಮನೆಗೋಗೋ ಗೇರು ಅಂತ ಹೆಸರುಗಳು. ಸಂತೆಗೆ ಹೋಗುವಾಗ ಒಂದು, ಸಂತೆಯಿಂದ ಬರುವಾಗ ಇನ್ನೊಂದು. ನಾನು ನೋಟ್‌ಬುಕ್ಕಿನ ಮನುಷ್ಯ. "ಹೆಸರು ಇರಲಿ ಮಾವ, ಎಲ್ಲಿದೆ ಅಂತ ಹೇಳಿ," ಎಂದೆ.

ಮಾವ ಹಟ್ಟಿಯ ಜಗಲಿಯಲ್ಲಿ ಕಾಲು ಚಾಚಿ ಕೂತೇ ಹೇಳಿದರು. "ಉದ್ದದ್ದು ಮಾರಮ್ಮನ ಗುಡಿ ಕಡೀಕೆ ಆಕಿದ್ರೆ ಮೊದಲ್ನೇದು. ಬಾವಿ ಕಡೀಕೆ ಎಳುದ್ರೆ ರಿವರ್ಸು. ಗಿಡ್ಡದ್ದು ಹುಣಸೆ ಮರದ ಕಡೀಕಿದ್ರೆ ನಿಧಾನ, ಮನೆ ಕಡೀಕಿದ್ರೆ ಜೋರು. ಮಿಕ್ಕಿದ್ದು ನಿಂಗೆ ಬ್ಯಾಡ. ಕಣಕ್ಕೆ ಇಷ್ಟು ಸಾಕು."

ಇಷ್ಟು ಸ್ಪಷ್ಟವಾದ ಪಾಠವನ್ನು ನಾನು ಯಾವ ತರಬೇತಿಯಲ್ಲೂ ಕೇಳಿರಲಿಲ್ಲ. ಬರೆದುಕೊಂಡೆ: ಗುಡಿ, ಒಂದು. ಬಾವಿ, ರಿವರ್ಸ್. ಹುಣಸೆ, ನಿಧಾನ. ಮನೆ, ಜೋರು.

ನಾಲ್ಕು ಜನ ತಳ್ಳಿದರು. ಇಂಜಿನ್ ಕೆಮ್ಮಿ, ಕ್ಯಾಕರಿಸಿ, ಹೊಗೆಯನ್ನು ಜಗಲಿಯಲ್ಲಿ ಕೂತಿದ್ದ ಅಜ್ಜಿಯ ಮುಖಕ್ಕೇ ಉಗುಳಿ ಎದ್ದಿತು. ಕ್ಲಚ್ಚು ತುಳಿದು, ಹೆಬ್ಬಾಳದ ಚುರುಕಿನಲ್ಲಿ ಉದ್ದದ ಕಡ್ಡಿಯನ್ನು ಗುಡಿಯ ಕಡೆಗೆ ತಳ್ಳಿದೆ.

ಕರ್ರ್ರ್ರ್ರ್.

ಬೀಸುಕಲ್ಲಿಗೆ ರಾಗಿಯ ಬದಲು ಮೊಳೆ ಹಾಕಿದರೆ ಬರುವ ಸದ್ದು. ಹಟ್ಟಿಯ ಕೋಳಿಗಳು ಹಾರಿ ಗೋಡೆ ಹತ್ತಿದವು. ಅತ್ತೆ ಒಳಗಿನಿಂದ ಸೌಟು ಹಿಡಿದುಕೊಂಡೇ ಓಡಿಬಂದರು. ಮಾವ ಮಾತ್ರ, ತಮ್ಮದೇ ದವಡೆಹಲ್ಲು ಕಿತ್ತಂತೆ ಕೆನ್ನೆ ಹಿಡಿದುಕೊಂಡರು.

ಕಾರಿನಲ್ಲಿ ಈ ಸದ್ದು ಯಾಕೆ ಬರುವುದಿಲ್ಲ ಎನ್ನುವುದನ್ನು ಆಮೇಲೆ ಓದಿ ತಿಳಿದುಕೊಂಡೆ. ಕಾರಿನ ಗೇರ್‌ಬಾಕ್ಸಿನಲ್ಲಿ ಸಿಂಕ್ರೋಮೆಶ್ ಎನ್ನುವ ಏರ್ಪಾಡಿದೆ. 1928ರಲ್ಲಿ ಅಮೆರಿಕದ ಕ್ಯಾಡಿಲಾಕ್ ಕಾರಿನಲ್ಲಿ ಮೊದಲು ಬಂತು. ಎರಡು ಗಾಲಿಗಳ ಹಲ್ಲು ಒಂದಕ್ಕೊಂದು ಸೇರುವ ಮುಂಚೆ ನಡುವಿನ ಬಳೆಯೊಂದು ಉಜ್ಜಿ ಉಜ್ಜಿ ಇಬ್ಬರ ವೇಗವನ್ನೂ ಸಮ ಮಾಡುತ್ತದೆ. ಒಳ್ಳೆಯ ಮದುವೆ ದಲ್ಲಾಳಿಯ ಹಾಗೆ. ಅವನ ಮನೆಗೆ ಹೋಗಿ ಇವಳ ಗುಣ ಹೇಳಿ, ಇವಳ ಮನೆಗೆ ಹೋಗಿ ಅವನ ಸಂಬಳ ಹೇಳಿ, ಜಗಳವಿಲ್ಲದೆ ಕೂಡಿಸುತ್ತದೆ. ಮಾವನ ಮ್ಯಾಸಿಯಲ್ಲಿ ದಲ್ಲಾಳಿ ಇಲ್ಲ. ಗಾಲಿಗಳು ನೇರವಾಗಿ ಜಾರಿಕೊಂಡು ಬಂದು ಹಲ್ಲಿಗೆ ಹಲ್ಲು ಕೊಡಬೇಕು. ಒಂದು ತಿರುಗುತ್ತಿದ್ದು ಇನ್ನೊಂದು ನಿಂತಿದ್ದರೆ ಧಾರೆಯ ಮಂಟಪದಲ್ಲೇ ಹೊಡೆದಾಟ.

"ತಡ್ಕೊಳಪ್ಪಾ," ಎಂದರು ಮಾವ, ಕೆನ್ನೆಯಿಂದ ಕೈ ತೆಗೆದು. "ಕ್ಲಚ್ಚು ತುಳುದ್ಮೇಲೆ ಒಳಗಡೆ ತಿರುಗ್ತಾ ಇರ್ತದೆ. ಒಂದು ಎಲೆಅಡಿಕೆ ಬಾಯಿಗೆ ಆಕ್ಕೊಳೋವಷ್ಟೊತ್ತು ಸುಮ್ನಿರು. ಆಮೇಲೆ ಆಕು. ಓಗ್ಲಿಲ್ಲ ಅಂದ್ರೆ ಹಲ್ಲಿಗೆ ಹಲ್ಲು ಕೂತವೆ ಅಂತ. ಬಲವಂತ ಮಾಡ್ಬ್ಯಾಡ. ಕ್ಲಚ್ಚು ಒಸಿ ಬುಟ್ಟು, ತಿರ್ಗ ತುಳಿ."

ಓಡುತ್ತಿರುವಾಗ ಒಂದರಿಂದ ಎರಡಕ್ಕೆ, ಎರಡರಿಂದ ಮೂರಕ್ಕೆ ಹಾರಿಸುವ ಕಾರಿನ ಆಟ ಇಲ್ಲಿ ನಡೆಯದು. ಹೊರಡುವ ಮುಂಚೆಯೇ ಯಾವ ಗೇರಿನಲ್ಲಿ ಹೋಗುತ್ತೇನೆ ಎಂದು ಗೊತ್ತುಮಾಡಿಕೊಳ್ಳಬೇಕು. ಮನಸ್ಸು ಬದಲಾದರೆ ನಿಲ್ಲಿಸಿ ಬದಲಾಯಿಸಬೇಕು. ಎಲೆಅಡಿಕೆಯ ಅಭ್ಯಾಸವಿಲ್ಲದ ನಾನು ಒಂದರಿಂದ ಹತ್ತು ಎಣಿಸಿದೆ. ಕಡ್ಡಿ ಬೆಣ್ಣೆಯಲ್ಲಿ ಇಳಿದಂತೆ ಇಳಿಯಿತು. ಕ್ಲಚ್ಚು ಬಿಟ್ಟೆ. 35 ಕುದುರೆಯ ಶಕ್ತಿಯ ಒಂದೂವರೆ ಟನ್ನಿಗೂ ಮಿಕ್ಕ ಕಬ್ಬಿಣ, ನನ್ನ ಮಾತು ಕೇಳಿ ಹೆಜ್ಜೆ ಇಟ್ಟಿತು. ಅಜ್ಜಿ ಜಗಲಿಯಿಂದಲೇ ದೃಷ್ಟಿ ತೆಗೆದರು.

ಕಣ ಹತ್ತಿರದಲ್ಲೇ ಇತ್ತು. ಹರಡಿದ ತೆನೆಯ ಮೇಲೆ ಸುತ್ತತೊಡಗಿದೆ. ಹಿಂದೆ ಎತ್ತು ಕಟ್ಟಿ ಗುಂಡು ಎಳೆಸುತ್ತಿದ್ದ ಜಾಗವೇ. ಸಾಸಲಿನ ಕಡೆ ಈಗ ಕೆಲವರು ತೆನೆಯನ್ನು ಟಾರು ರಸ್ತೆಗೆ ಹಾಸಿ, ಹೋಗಿಬರುವ ಬಸ್ಸಿನವರಿಂದಲೇ ಪುಕ್ಕಟೆ ಒಕ್ಕಿಸಿಕೊಳ್ಳುತ್ತಾರೆ. ಮಾವನಿಗೆ ಅದು ಒಗ್ಗದು. "ಮಣ್ಣು, ಡೀಸೆಲ್ಲು, ಊರೋರ ಟೈರು ಎಲ್ಲಾ ಮುದ್ದೇಗೆ ಬರ್ತದೆ," ಎನ್ನುತ್ತಾರೆ. ಸುತ್ತುವಾಗ ಗೇರು ಬದಲಿಸುವ ಗೊಡವೆಯಿಲ್ಲ. ಒಂದನೇ ಗೇರು, ಕೈಯಲ್ಲಿ ಎಳೆದು ನಿಲ್ಲಿಸಿದ ಆಕ್ಸಿಲೇಟರ್, ಒಂದೇ ಕಡೆಗೆ ತಿರುಗಿಸಿ ಹಿಡಿದ ಸ್ಟೇರಿಂಗು. ಕೆಳಗೆ ರಾಗಿ ಚಿರಚಿರ ಅನ್ನುತ್ತಿತ್ತು. ಹೆಂಗಸರು ಮೊರದಿಂದ ಮುಖ ಮರೆಮಾಡಿಕೊಂಡು ನಗುತ್ತಿದ್ದರು. ಮೆಚ್ಚಿಗೆಯ ನಗು ಎಂದುಕೊಂಡೆ. ನಲವತ್ತನೆಯ ಸುತ್ತಿನ ಹೊತ್ತಿಗೆ ನಾನು ಹುಟ್ಟಾ ರೈತನಾಗಿದ್ದೆ. ಕೆಲಸಕ್ಕೆ ರಾಜೀನಾಮೆ ಕೊಡುವ ಪತ್ರದ ಮೊದಲ ಎರಡು ಸಾಲು ಮನಸ್ಸಿನಲ್ಲೇ ಬರೆದೂ ಆಗಿತ್ತು.

ಅಷ್ಟರಲ್ಲಿ ಅತ್ತೆ ಮಜ್ಜಿಗೆ ತಂದರು. ನಿಲ್ಲಿಸಿದೆ. ಎರಡೂ ಕಡ್ಡಿಗಳನ್ನು ನಡುವಿಗೆ ತಂದೆ. ಇಂಜಿನ್ ಆರಿಸಲಿಲ್ಲ, ಮತ್ತೆ ತಳ್ಳುವವರಾರು? ಎರಡು ಲೋಟ ಕುಡಿದು, ಮೀಸೆ ಒರೆಸಿಕೊಂಡು, ಮತ್ತೆ ಹತ್ತಿ ಕೂತೆ. ಕ್ಲಚ್ಚು ತುಳಿದೆ. ಹತ್ತು ಎಣಿಸಿದೆ. ಗುಡಿ ಎಲ್ಲಿ ಎಂದು ಹುಡುಕಿದೆ. ಇದನ್ನು ಒತ್ತಿ ಹೇಳಬೇಕು, ನಾನು ಅಜಾಗರೂಕನಲ್ಲ. ಬೇವಿನ ಮರದ ಮೇಲೆ ಮಾರಮ್ಮನ ಗುಡಿಯ ಕಳಸ ಕಂಡಿತು. ಉದ್ದದ ಕಡ್ಡಿಯನ್ನು ಸರಿಯಾಗಿ ಅದರ ಕಡೆಗೇ ಹಾಕಿದೆ. ಹುಣಸೆ ಮರ ನೋಡಿ, ಗಿಡ್ಡದ್ದನ್ನು ಅದರ ಕಡೆಗೇ ಹಾಕಿದೆ. ಕರ್ರ್ ಎನ್ನಲಿಲ್ಲ. ಹೆಮ್ಮೆಯಿಂದ ಮುಂದೆ ನೋಡುತ್ತಾ ಕ್ಲಚ್ಚು ಬಿಟ್ಟೆ.

ಮುಂದಿದ್ದದ್ದೆಲ್ಲ ದೂರವಾಗತೊಡಗಿತು. ಅತ್ತೆ, ಮಜ್ಜಿಗೆಯ ತಂಬಿಗೆ, ಮೊರ ಹಿಡಿದ ಹೆಂಗಸರು ಎಲ್ಲರೂ ಬಾಯಿ ತೆರೆದುಕೊಂಡು, ರೈಲು ಬಿಟ್ಟಾಗ ಪ್ಲಾಟ್‌ಫಾರ್ಮಿನಲ್ಲಿ ಉಳಿದವರ ಹಾಗೆ ಚಿಕ್ಕವರಾಗುತ್ತಾ ಹೋದರು. ಎರಡು ಬ್ರೇಕಿನಲ್ಲಿ ಯಾವ ಎತ್ತನ್ನು ಹಿಡಿಯಬೇಕು ಎಂದು ಯೋಚಿಸುವಷ್ಟರಲ್ಲಿ ಹಿಂದಿನಿಂದ ಏನೋ ಮೆತ್ತಗೆ, ಬೆಚ್ಚಗೆ ನನ್ನನ್ನು ತಬ್ಬಿಕೊಂಡಿತು. ಆಮೇಲೆ ಕತ್ತಲು. ಒಣಹುಲ್ಲಿನ ವಾಸನೆ.

ಎರಡು ದಿನದ ಕೆಳಗೆ ಒಟ್ಟಿದ್ದ ಹುಲ್ಲಿನ ಬಣವೆ ಅದು.

ಮಾವ ಕೋಲೂರಿಕೊಂಡು ಬಂದು, ಹುಲ್ಲು ಸರಿಸಿ ಮೊದಲು ಸ್ಟಾಪರ್ ಎಳೆದರು. ಎಳೆಯುವಾಗ "ಹೋ... ಹೋ..." ಅಂದರು, ಆ ಮಾತಿಗೇ ಇಂಜಿನ್ ನಿಲ್ಲುವುದು ಎಂದು ಅವರ ನಂಬಿಕೆ. ಆಮೇಲೆ ಇನ್ನಷ್ಟು ಹುಲ್ಲು ಸರಿಸಿ ನನ್ನನ್ನು ಹುಡುಕಿದರು.

"ಗುಡಿ ಕಡೀಕೆ ಆಕು ಅಂದಿದ್ನಲ್ಲಯ್ಯಾ?"

"ಗುಡಿ ಕಡೆಗೇ ಹಾಕಿದ್ದು ಮಾವ," ಬಾಯಿಂದ ಹುಲ್ಲು ತೆಗೆದು ಕೈ ತೋರಿಸಿದೆ. "ನೋಡಿ, ಅಲ್ಲೇ ಇದೆ ಗುಡಿ."

ಮಾವ ಗುಡಿ ನೋಡಿದರು. ಟ್ರ್ಯಾಕ್ಟರ್ ನೋಡಿದರು. ಅದು ಹಟ್ಟಿಯಲ್ಲಿ ಮುಖ ಮಾಡಿದ್ದ ದಿಕ್ಕಿಗೆ ಈಗ ಬೆನ್ನು ಮಾಡಿ ನಿಂತಿತ್ತು. ಮೂವತ್ತು ವರ್ಷದಿಂದ ಓಡಿಸುತ್ತಿದ್ದ ಅವರಿಗೆ ಇದು ಹೊಳೆದೇ ಇರಲಿಲ್ಲ ಎನ್ನುವುದು ಮುಖದಲ್ಲಿ ಕಾಣುತ್ತಿತ್ತು. ಕೊನೆಗೆ, ಇಷ್ಟು ಓದಿದವನಿಗೆ ಇಷ್ಟೂ ತಿಳಿಯದೇ ಎನ್ನುವ ಮರುಕದಲ್ಲಿ ಹೇಳಿದರು: "ಟ್ಯಾಕ್ಟ್ರು ತಿರುಗುದ್ರೆ ಗುಡಿನೂ ತಿರುಗ್ತದೆ ಕಣಯ್ಯಾ."

ಉದ್ದದ ಕಡ್ಡಿಯಷ್ಟೇ ಅಲ್ಲ, ಗಿಡ್ಡದ್ದೂ ತಿರುಗುಮುರುಗಾಗಿತ್ತು. ಹುಣಸೆ ಮರದ ಕಡೆಗಿದ್ದ ನಿಧಾನ ಈಗ ಜೋರಾಗಿತ್ತು. ಹಿಂದಕ್ಕೆ ಜೋರಾಗಿ ಹೋಗುವ ಆ ಗೇರನ್ನು ಕಂಪನಿಯವರು ಯಾರಿಗಾಗಿ ಇಟ್ಟಿದ್ದಾರೆ ಎಂಬ ಬೆಳಗಿನ ಪ್ರಶ್ನೆಗೆ ಉತ್ತರ ಸಿಕ್ಕಿತ್ತು.

ಸಂಜೆ ಎಲ್ಲರೂ ಸೇರಿ ಬಣವೆಯನ್ನು ಮತ್ತೆ ಒಟ್ಟಿದೆವು. ಹೋದ ಮಾನ ಒಂದಿಷ್ಟಾದರೂ ಬರಲಿ ಎಂದು ಮಾವನಿಗೆ ಎಡ್ಮಂಡ್ ಹಿಲರಿಯ ಕತೆ ಹೇಳಿದೆ. ಎವರೆಸ್ಟ್ ಹತ್ತಿದ ಆ ಹಿಲರಿಯೇ, 1958ರ ಜನವರಿ 4ರಂದು, ನಿಮ್ಮ ಈ ಮ್ಯಾಸಿಯ ತಾತನಂಥ ಮೂರು ಪುಟ್ಟ ಫರ್ಗೂಸನ್ ಟ್ರ್ಯಾಕ್ಟರುಗಳನ್ನು ಹಿಮದ ಮೇಲೆ ಓಡಿಸಿಕೊಂಡು ದಕ್ಷಿಣ ಧ್ರುವ ಮುಟ್ಟಿದ ಎಂದೆ. ಚಕ್ರಕ್ಕೆ ಪಟ್ಟಿ ತೊಡಿಸಿದ್ದರು, ಅಲ್ಲಿಗೆ ಮೋಟಾರು ಗಾಡಿಯಲ್ಲಿ ಹೋದವರಲ್ಲಿ ಅವರೇ ಮೊದಲಿಗರು ಎಂದೆ.

ಮಾವ ಹುಲ್ಲಿನ ಕಂತೆ ಎತ್ತಿಕೊಡುತ್ತಾ ಕೇಳಿದರು. "ಅಲ್ಲಿ ಬಣವೆ ಇತ್ತಾ?"

"ಇಲ್ಲ."

"ಅದ್ಕೇ ಮತ್ತೆ."

ಸ್ವಲ್ಪ ಹೊತ್ತು ಬಿಟ್ಟು, "ಅಲ್ಲಿ ದಿಕ್ಕು ಎಂಗೆ?" ಅಂದರು. ದಕ್ಷಿಣ ಧ್ರುವದಲ್ಲಿ ನಿಂತರೆ ಯಾವ ಕಡೆ ತಿರುಗಿದರೂ ಉತ್ತರವೇ ಎಂದು ವಿವರಿಸಿದೆ. ಮಾವ ಬಣವೆಗೆ ಒರಗಿ ಬಹಳ ಹೊತ್ತು ಯೋಚಿಸಿದರು. ಎಲ್ಲ ಗೇರೂ ಉತ್ತರಕ್ಕೇ ಇರುವ ಟ್ರ್ಯಾಕ್ಟರನ್ನು ಮನಸ್ಸಿನಲ್ಲೇ ಓಡಿಸಿ ನೋಡುತ್ತಿದ್ದರೇನೋ.

ಮಾರನೆಯ ದಿನ ಹುಡುಗ ಘಾಟಿಯಿಂದ ಬಂದ. ಬರುವಾಗ ತನ್ನ ಚಿಕ್ಕ ತಮ್ಮನನ್ನೂ ಕರೆದುಕೊಂಡು ಬಂದಿದ್ದ, ಟ್ರ್ಯಾಕ್ಟರ್ ಕಲಿಯಲಿ ಎಂದು. ನಾನು ಬೆಂಗಳೂರಿಗೆ ಹೊರಟು ಕಾರಿನ ಬಾಗಿಲು ತೆಗೆಯುತ್ತಿದ್ದೆ. ಹಟ್ಟಿಯಲ್ಲಿ ಮಾವನ ಪಾಠ ಶುರುವಾಗಿತ್ತು. ಗುಡಿ, ಬಾವಿ, ಹುಣಸೆ ಮರ ಯಾವುದೂ ಬರಲಿಲ್ಲ. ಮಾವ ಪಠ್ಯವನ್ನು ರಾತ್ರಿಯೇ ತಿದ್ದಿದ್ದರು.

"ಇದು ಉಳೋ ಗೇರು. ಇದು ಗೊಬ್ರದ್ದು. ಇದು ಸಂತೇದು."

"ಆ ಕಡೇದು ಯಾವ್ದು ಗೌಡ್ರೇ?"

"ಅದ್ರ ತಂಟೇಗೋಗ್ಬ್ಯಾಡ್ಲಾ. ಅದು ಅಳಿಮಯ್ಯನ ಗೇರು."