ಅಡ್ರೆಸ್ ಆಮೇಲೆ ಬರುತ್ತೆ

ನನ್ನ ಹೆಂಡತಿಯ ತಮ್ಮನಿಗೆ ಮೂವತ್ತೊಂದು ವರ್ಷ. ಹೊರ ವರ್ತುಲ ರಸ್ತೆಯ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಒಳ್ಳೆಯ ಕೆಲಸ. ಮದುವೆ ಮಾತ್ರ ಕೂಡಿಬರುತ್ತಿಲ್ಲ. ಶನಿವಾರ ಸಂಜೆ ಹೆಣ್ಣು ನೋಡಲು ಹೋಗೋಣ ಎಂದರೆ "ಶನಿವಾರ ಗಿಗ್ ಇದೆ ಭಾವ" ಅನ್ನುತ್ತಾನೆ. ಭಾನುವಾರ ಎಂದರೆ ಬರುತ್ತಾನೆ, ಆದರೆ ಕಿವಿ ಇನ್ನೂ ಶನಿವಾರದಲ್ಲೇ ಇರುತ್ತದೆ. ಕಳೆದ ವರ್ಷ ಮಲ್ಲೇಶ್ವರದ ಒಂದು ಮನೆಯಲ್ಲಿ ಹೆಣ್ಣಿನ ತಂದೆ "ಸ್ವಂತ ಮನೆಯೋ, ಬಾಡಿಗೆಯೋ?" ಎಂದು ಕೇಳಿದ್ದಕ್ಕೆ ಇವನು "ಸಕ್ಕರೆ ಕಮ್ಮಿ ಇರಲಿ" ಎಂದ. ಉಪ್ಪಿಟ್ಟು ಮುಗಿಸಿ ಎದ್ದು ಬಂದೆವು.

ಗಿಗ್ ಅಂದರೆ ಏನಪ್ಪಾ ಎಂದು ಮೊದಲ ಸಲ ಕೇಳಿದಾಗ "ಕಚೇರಿ ಥರ" ಎಂದವನು ಅಲ್ಲಿಗೇ ನಿಲ್ಲಿಸಿಬಿಟ್ಟ. ಅವನ ಪಾಲಿಗೆ ಕಚೇರಿಗಳು ಎರಡೇ. ಸೋಮವಾರದಿಂದ ಶುಕ್ರವಾರದವರೆಗೆ ತಾನು ಹೋಗುವುದು ಒಂದು, ರಾಮನವಮಿಯಲ್ಲಿ ಅಮ್ಮ ಹೋಗುವುದು ಇನ್ನೊಂದು. ಎರಡೂ ಅವನಿಗೆ ಆಗಿಬರುವುದಿಲ್ಲ. ಇವನು ಹೋಗುವಲ್ಲಿ ರಾಗ ಇರುವುದಿಲ್ಲ, ತಾಳ ಇರುವುದಿಲ್ಲ, ಎಷ್ಟೋ ಸಲ ವಾದ್ಯವೂ ಇರುವುದಿಲ್ಲ. ಒಂದು ಮೇಜು, ಅದರ ಮೇಲೆ ಹಾವಿನ ಮರಿಗಳಂತೆ ಸುತ್ತಿಕೊಂಡ ವೈರುಗಳು, ಅವುಗಳ ಹಿಂದೆ ಕಳೆದುಹೋದ ಬೀಗದ ಕೈ ಹುಡುಕುವವನ ಮುಖಭಾವದಲ್ಲಿ ಒಬ್ಬ ಗಡ್ಡಧಾರಿ.

"ನಿನ್ನೆ ಎಷ್ಟು ಜನ ಬಂದಿದ್ರು?" ಎಂದು ಒಮ್ಮೆ ಕೇಳಿದೆ.

"ಹನ್ನೊಂದು" ಎಂದ. ಹತ್ತನೇ ಕ್ಲಾಸಿನಲ್ಲಿ ಗಣಿತಕ್ಕೆ ನೂರಕ್ಕೆ ನೂರು ಬಂದಾಗ ಅವನ ಮುಖ ಹೀಗೇ ಇತ್ತು ಎಂದು ನನ್ನವಳು ಹೇಳುತ್ತಾಳೆ.

ಇಂಥವನು ಇವನೊಬ್ಬನೇ ಎಂದುಕೊಂಡಿದ್ದೆ. ಇವರದೊಂದು ಕುಲವೇ ಇದೆ. ತೊಳೆದು ತೊಳೆದು ಬೂದಿಯಾದ ಕಪ್ಪು ಅಂಗಿ, ಹೆಗಲಿಗೆ ಬಟ್ಟೆಚೀಲ, ಮಣಿಕಟ್ಟಿನ ಮೇಲೆ ಪ್ರವೇಶದ ಮುದ್ರೆ. ಆ ಮುದ್ರೆ ಮೂರು ದಿನ ಹೋಗಬಾರದು. ಸ್ನಾನ ಮಾಡುವಾಗ ಆ ಕೈಯನ್ನು ಮೇಲೆತ್ತಿ ಹಿಡಿಯುತ್ತಾರೆ ಎಂದು ನನ್ನ ಗುಮಾನಿ. ಇವರಲ್ಲಿ ದೊಡ್ಡಸ್ತಿಕೆಯ ಲೆಕ್ಕ ತಲೆಕೆಳಗು. ಇಪ್ಪತ್ತು ಜನ ಬಂದರೆ ಪರವಾಗಿಲ್ಲ, ನಲವತ್ತಾದರೆ ಜಾತ್ರೆ. ಬ್ಯಾಂಡಿನ ಹೆಸರು ನನ್ನಂಥ ಬ್ಯಾಂಕ್ ಗುಮಾಸ್ತನ ಬಾಯಲ್ಲಿ ಬಂತೋ, ಅದರ ಕಥೆ ಮುಗಿಯಿತು. ಒಮ್ಮೆ ಅವನ ಮೆಚ್ಚಿನ ತಂಡದ ಹೆಸರನ್ನು ಕಷ್ಟಪಟ್ಟು ಬಾಯಿಪಾಠ ಮಾಡಿ ಹೇಳಿದೆ. ಖುಷಿಪಡುತ್ತಾನೆ ಎಂದುಕೊಂಡರೆ ಸಾವಿನ ಸುದ್ದಿ ಕೇಳಿದವನಂತೆ "ನಿಮಗೂ ಗೊತ್ತಾಯ್ತಾ?" ಎಂದ. ಆಮೇಲೆ ಆ ತಂಡದ ಸುದ್ದಿ ಮನೆಯಲ್ಲಿ ಬಂದಿಲ್ಲ.

ಇದೇ ಆಸಾಮಿ 2011ರ ಅಕ್ಟೋಬರ್ 30ರಂದು, ಪಿಯುಸಿ ಟ್ಯೂಷನ್ನಿಗೆ ಎಂದು ಹೇಳಿ ಅರಮನೆ ಮೈದಾನದಲ್ಲಿ ಮೆಟಾಲಿಕಾ ಬ್ಯಾಂಡನ್ನು ಕೇಳಲು ಹೋಗಿದ್ದ. ಸಾವಿರಾರು ಜನರ ನಡುವೆ, ಕೆಸರಿನಲ್ಲಿ. ಈಗ ಕೇಳಿದರೆ "ಅದು ಬಾಲಿಶ ಭಾವ" ಅನ್ನುತ್ತಾನೆ. ಅಂದು ಕೊಂಡ ಟೀಶರ್ಟನ್ನು ಅವನೇ ಅತ್ತೆಗೆ ನೆಲ ಒರೆಸಲು ಕೊಟ್ಟಿದ್ದಾನೆ. ಬಟ್ಟೆ ಗಟ್ಟಿ, ಇನ್ನೂ ಹರಿದಿಲ್ಲ. ಪ್ರತಿ ಶುಕ್ರವಾರ ಫಿನಾಯಿಲ್ ನೀರಿನಲ್ಲಿ ಆ ಬ್ಯಾಂಡಿನ ಹಾಡುಗಾರ ಜೇಮ್ಸ್ ಹೆಟ್‌ಫೀಲ್ಡ್ ಮುಳುಗಿ ಏಳುತ್ತಾನೆ.

ಇವರಿಗೆ ಇರುವ ಜಾಗಕ್ಕಿಂತ ಹೋದ ಜಾಗದ ಮೇಲೆ ಪ್ರೀತಿ ಜಾಸ್ತಿ. ಇಂದಿರಾನಗರದ ಹಮ್ಮಿಂಗ್ ಟ್ರೀ ಎಂಬ ಗಿಗ್ ಜಾಗ 2019ರಲ್ಲಿ ಮುಚ್ಚಿದಾಗ ಇವನು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಈಗಲೂ ಆ ರಸ್ತೆಯಲ್ಲಿ ಹೋಗುವಾಗ ಆಟೊದಿಂದ ಕತ್ತು ಹೊರಗೆ ಹಾಕಿ "ಇಲ್ಲೇ..." ಎಂದು ನಿಟ್ಟುಸಿರು ಬಿಡುತ್ತಾನೆ. ವರ್ಷಾಬ್ದಿಕ ಒಂದು ಮಾಡುವುದಿಲ್ಲ, ಅಷ್ಟೆ. ಆದರೆ ಆ ಜಾಗ ಇದ್ದಾಗ "ತುಂಬಾ ಜನ ಬರ್ತಾರೆ" ಎಂದು ಬೈಯುತ್ತಿದ್ದವನೂ ಇವನೇ.

ನನ್ನನ್ನು ಕರೆದುಕೊಂಡು ಹೋದದ್ದು ಒಂದು ಮಳೆಗಾಲದಲ್ಲಿ. ಜೊತೆಗೆ ಬರಬೇಕಿದ್ದ ಗೆಳೆಯನಿಗೆ ಜ್ವರ, ಒಂದು ಟಿಕೆಟ್ ಉಳಿದಿತ್ತು. "ಎಲ್ಲಿ?" ಎಂದೆ. "ಅಡ್ರೆಸ್ ಆಮೇಲೆ ಬರುತ್ತೆ." ಪೋಸ್ಟರ್ ತೋರಿಸಿದ. ಒಣಗಿದ ಬೇರುಗಳ ರಾಶಿಯ ಚಿತ್ರ. ಅದು ಚಿತ್ರವಲ್ಲ, ತಂಡದ ಹೆಸರು ಎಂದ. ಐದೂವರೆಗೆ ಫೋನಿಗೆ ವಿಳಾಸ ಬಂತು: ದೊಮ್ಮಲೂರಿನ ಕಡೆ ಒಂದು ಕೆಫೆ, ಹಿಂದಿನ ಬಾಗಿಲು, ನೆಲಮಾಳಿಗೆ. ಗೃಹಪ್ರವೇಶಕ್ಕೆ ತಿಂಗಳ ಮುಂಚೆ ಕಾರ್ಡು ಹಂಚಿ, ಫೋನಿನಲ್ಲಿ ಲೊಕೇಶನ್ ಕಳಿಸಿ, ಆಮೇಲೂ ಜನ ಬರಲಿಲ್ಲ ಎಂದು ಕೊರಗುವ ವಂಶ ನಮ್ಮದು. ಇವರು ಜನ ಬರಬಾರದು ಎಂದೇ ಇಷ್ಟು ಕಷ್ಟಪಡುತ್ತಾರೆ.

ಆಟೊದಲ್ಲಿ ಪಾಠ ನಡೆಯಿತು. 1985ರಲ್ಲಿ ಟೋಕಿಯೋದಲ್ಲಿ ಹನತರಾಶ್ ಎಂಬ ತಂಡದವರು ಸಭಾಂಗಣದೊಳಗೆ ಮಣ್ಣು ಅಗೆಯುವ ಯಂತ್ರವನ್ನೇ ನುಗ್ಗಿಸಿ ಗೋಡೆ ಒಡೆದರಂತೆ. ಏನಾದರೂ ಆದರೆ ನಾವೇ ಹೊಣೆ ಎಂದು ಕೇಳುಗರಿಂದ ಮೊದಲೇ ಬರೆಸಿಕೊಂಡಿದ್ದರಂತೆ. ಹೇಳುವಾಗ ಅವನ ಕಣ್ಣು ಒದ್ದೆಯಾಗಿತ್ತು.

"ನಮ್ಮ ಬೀದಿಯಲ್ಲಿ ವಾರಕ್ಕೆರಡು ಸಲ ಜೆಸಿಬಿ ಬರುತ್ತಲ್ಲೋ" ಎಂದೆ. "ಪ್ರವೇಶ ಉಚಿತ. ನೂರು ಜನ ನಿಂತು ನೋಡ್ತಾರೆ."

"ನೂರು ಜನ" ಎಂದ, ಅಷ್ಟರಲ್ಲೇ ಅದರ ಕಲಾಮೌಲ್ಯ ಇತ್ಯರ್ಥವಾಯಿತು ಎನ್ನುವಂತೆ.

ಜರ್ಮನಿಯ ಹಾಲ್ಬರ್‌ಸ್ಟಾಟ್ ಎಂಬ ಊರಿನ ಹಳೆಯ ಚರ್ಚಿನಲ್ಲಿ ಜಾನ್ ಕೇಜ್ ಎಂಬ ಅಮೆರಿಕದ ಸಂಯೋಜಕನ ಒಂದು ಕೃತಿಯನ್ನು ಆರ್ಗನ್ ಮೇಲೆ ನುಡಿಸುತ್ತಿದ್ದಾರಂತೆ. 2001ರಲ್ಲಿ ಶುರು, 2640ಕ್ಕೆ ಮಂಗಳ. ಮೊದಲ ಒಂದೂವರೆ ವರ್ಷ ಸದ್ದೇ ಇರಲಿಲ್ಲವಂತೆ. ಕೃತಿ ಶುರುವಾಗುವುದೇ ಮೌನದಿಂದ. 2024ರ ಫೆಬ್ರುವರಿ 5ರಂದು ಸ್ವರ ಬದಲಾದಾಗ ದೂರದೂರದಿಂದ ಜನ ಬಂದು ನಿಂತು ಕೇಳಿದರಂತೆ. ವರ್ಷಗಟ್ಟಲೆ ಕಟ್ಟಿ ಮುಗಿಯದಿದ್ದ ಈಜಿಪುರದ ಮೇಲ್ಸೇತುವೆಯ ಕೆಳಗೆ ನಮ್ಮ ಆಟೊ ನಿಂತಿದ್ದಾಗ ಇದನ್ನು ಹೇಳಿದ. ತಲೆಯೆತ್ತಿ ಆ ಕಂಬಗಳನ್ನು ನೋಡಿದೆ. ಆಟೊ ಚಾಲಕನೂ ನೋಡಿದ. ಯಾರೂ ಏನೂ ಹೇಳಲಿಲ್ಲ.

ನೆಲಮಾಳಿಗೆಯ ಬಾಗಿಲಲ್ಲಿ ಸ್ಟೀಲಿನ ಡಬ್ಬಿಯಲ್ಲಿ ಸ್ಪಂಜಿನ ಕಿವಿಬಿರಡೆ ಇಟ್ಟಿದ್ದರು, ಮದುವೆಮನೆಯಲ್ಲಿ ಕಲ್ಲುಸಕ್ಕರೆ ಇಟ್ಟ ಹಾಗೆ. ಕೇಳಲು ಟಿಕೆಟ್ ಕೊಂಡವರಿಗೆ ಕೇಳದಿರಲು ಉಪಕರಣ ಕೊಡುವ ಈ ಪ್ರಾಮಾಣಿಕತೆ ನನಗೆ ಹಿಡಿಸಿತು. ಏಳು ಗಂಟೆ ಎಂದಿದ್ದು ಎಂಟೂಮುಕ್ಕಾಲಿಗೆ ಶುರುವಾಯಿತು. ಹತ್ತರ ಮೇಲೆ ಧ್ವನಿವರ್ಧಕ ಹಾಕಲು ಕಾನೂನು ಬಿಡುವುದಿಲ್ಲ. ಹೀಗಾಗಿ ಇವರ ಅನಂತಕ್ಕೆ ಸಿಗುವುದು ಒಂದೂಕಾಲು ಗಂಟೆ.

ಹದಿನಾಲ್ಕು ಜನ ಕೈಕಟ್ಟಿ ನಿಂತಿದ್ದರು. ತಲೆ ಆಡಿಸುವುದರಲ್ಲೂ ಮರ್ಯಾದೆಯಿದೆ. ಜೋರಾಗಿ ಆಡಿಸುವವನು ಹೊಸಬ. ಹಳಬರದು ಗಡಿಯಾರದ ದೊಡ್ಡ ಮುಳ್ಳಿನ ಚಲನೆ, ನೋಡುತ್ತಿದ್ದರೆ ಕಾಣದು, ಆದರೆ ಸ್ವಲ್ಪ ಹೊತ್ತಿನ ಮೇಲೆ ಗಲ್ಲ ಬೇರೆ ಕಡೆ ಇರುತ್ತದೆ. ಗಡ್ಡಧಾರಿ ಒಂದು ಗುಂಡಿ ತಿರುಗಿಸಿದ. ಗುಂಯ್ ಎಂಬ ನಾದ ಹೊರಟು ಹಾಗೇ ನಿಂತಿತು. ಹತ್ತು ನಿಮಿಷ, ಹದಿನೈದು ನಿಮಿಷ. ನನ್ನ ಎದೆಗೂಡಿನೊಳಗೆ ಯಾರೋ ರಾಗಿ ಬೀಸುತ್ತಿದ್ದಂತಾಯಿತು. ಪಾಪ, ಕೆಫೆಯ ಮಾಲೀಕರು ಒಳ್ಳೆಯವರು. ಕಲಾವಿದರಿಗೆ ತೊಂದರೆಯಾಗದಿರಲಿ ಎಂದು ಮೂಲೆಯಲ್ಲಿ ಗೊರಗುಡುತ್ತಿದ್ದ ಫ್ರಿಜ್ಜಿನ ಸ್ವಿಚ್ಚು ಆರಿಸಿದರು. ಗಡ್ಡಧಾರಿ ತಟ್ಟನೆ ತಲೆ ಎತ್ತಿದ. ಸಂಗೀತ ನಿಂತಿತು.

"ಫ್ರಿಜ್ ಯಾಕೆ ಆಫ್ ಮಾಡಿದ್ರಿ? ನಾನು ಅದಕ್ಕೇ ಶ್ರುತಿ ಸೇರಿಸಿದ್ದೆ."

ಮನೆಗೆ ಬರುವಾಗ ಭಾವಮೈದ ವಿವರಿಸಿದ. ನಮ್ಮ ದೇಶದ ಕರೆಂಟು 50 ಹರ್ಟ್ಜ್, ಅಮೆರಿಕದ್ದು 60. ಫ್ರಿಜ್ಜು, ಟ್ರಾನ್ಸ್‌ಫಾರ್ಮರು, ಹಳೇ ಟ್ಯೂಬ್‌ಲೈಟು ಎಲ್ಲವೂ ಆ ಲೆಕ್ಕದಲ್ಲೇ ಗುಂಯ್‌ಗುಡುವುದು. ಲಾ ಮಾಂಟ್ ಯಂಗ್ ಎಂಬಾತ ಚಿಕ್ಕಂದಿನಲ್ಲಿ ಐಡಾಹೊದಲ್ಲಿ ಕರೆಂಟು ಕಂಬದ ಮೊರೆತಕ್ಕೆ ಮರುಳಾಗಿ, ದೊಡ್ಡವನಾದ ಮೇಲೆ ಗಂಟೆಗಟ್ಟಲೆ ಒಂದೇ ಸ್ವರ ಹಿಡಿಯುವ ಸಂಗೀತ ಕಟ್ಟಿದನಂತೆ. ಆಮೇಲೆ ಕಿರಾಣಾ ಘರಾನೆಯ ಪಂಡಿತ್ ಪ್ರಾಣನಾಥರು ಅಮೆರಿಕಕ್ಕೆ ಬಂದಾಗ ಅವರ ಶಿಷ್ಯನಾಗಿ ತಂಬೂರಿ ಹಿಡಿದು ಕೂತನಂತೆ. ಇವರ ಮತದಲ್ಲಿ ಅವನು ಆದಿಗುರು.

ಮನೆಯಲ್ಲಿ ಊಟಕ್ಕೆ ಕೂತಾಗಲೂ ಉಪನ್ಯಾಸ ಮುಂದುವರಿಯಿತು. "1969ರಲ್ಲೇ ಅಹಮದಾಬಾದ್‌ನ ಎನ್‌ಐಡಿಯಲ್ಲಿ ಮೂಗ್ ಇಟ್ಟಿದ್ರು ಅಮ್ಮ."

"ಯಾರ ಮೂಗು?" ಎಂದರು ಅತ್ತೆ, ಸಾರು ಬಡಿಸುತ್ತ.

"ಮೂಗ್ ಸಿಂಥಸೈಜರ್. ಡೇವಿಡ್ ಟ್ಯೂಡರ್ ಬಂದು ಸ್ಟುಡಿಯೊ ಮಾಡಿಕೊಟ್ಟಿದ್ದ."

"ಮೂಗಲ್ಲಿ ಹಾಡೋರು ಚಾಮರಾಜಪೇಟೇಲೂ ಇದ್ರು, ಅದಕ್ಕೆ ಅಹಮದಾಬಾದಿಗೆ ಯಾಕೆ ಹೋಗ್ಬೇಕು" ಎಂದು ಹಪ್ಪಳ ಹಾಕಿದರು.

ನಮ್ಮತ್ತೆ ಸಾಮಾನ್ಯದವರಲ್ಲ. ನಲವತ್ತು ವರ್ಷ ಬೀದಿಯ ಮಕ್ಕಳಿಗೆ ಸಂಗೀತದ ಸರಳೆ, ಜಂಟಿ ಹೇಳಿಕೊಟ್ಟವರು. 1939ರಿಂದ ನಡೆದುಬಂದಿರುವ ಚಾಮರಾಜಪೇಟೆಯ ರಾಮಸೇವಾ ಮಂಡಳಿಯ ಕಚೇರಿಗಳಿಗೆ, ಕೋಟೆ ಹೈಸ್ಕೂಲ್ ಮೈದಾನಕ್ಕೆ, ಲಂಗ ತೊಟ್ಟ ಕಾಲದಿಂದ ಹೋದವರು. ಅವರೂ ಒಂದು ಕಥೆ ಹೇಳುತ್ತಾರೆ: ಯಾವುದೋ ವರ್ಷ ಮಧ್ಯೆ ಮಳೆ ಸುರಿದು ಜನರೆಲ್ಲ ಬಸ್ ಸ್ಟಾಪಿಗೆ ಓಡಿದರಂತೆ, ವಿದ್ವಾಂಸರು ಮಾತ್ರ ಏಳಲಿಲ್ಲವಂತೆ, ಉಳಿದ ಕೆಲವರಿಗಾಗಿ ತೋಡಿ ರಾಗ ಎತ್ತಿಕೊಂಡರಂತೆ. "ಅಂಥಾ ತೋಡಿ ಆಮೇಲೆ ಯಾರೂ ಕೇಳಿಲ್ಲ. ಇದ್ದದ್ದೇ ಇಪ್ಪತ್ತು ಜನ." ಈ ಇಪ್ಪತ್ತು ನಾನು ಮದುವೆಯಾದ ವರ್ಷ ನಲವತ್ತಿತ್ತು. ಮುಂದಿನ ರಾಮನವಮಿಗೆ ಹದಿನೈದಕ್ಕೆ ಇಳಿಯಬಹುದು. ಮಗ ಯಾರನ್ನು ಹೋಲುತ್ತಾನೆ ಎಂದು ನೆಂಟರು ಕೇಳಿದಾಗಲೆಲ್ಲ ನಾನು ಸುಮ್ಮನಿರುತ್ತೇನೆ.

ಅವರದೊಂದು ಎಲೆಕ್ಟ್ರಾನಿಕ್ ತಂಬೂರಿ ಇದೆ, ಬೆಂಗಳೂರಿನದೇ ರಾಡೆಲ್. ಬೆಳಗಿನ ಕಾಫಿಯಾದ ಮೇಲೆ ಅದರ ಶ್ರುತಿಯನ್ನು ಐದೂವರೆ ಮನೆಗೆ ಇಟ್ಟು ಅರ್ಧ ಗಂಟೆ ಹಾಡುತ್ತಾರೆ. ಹೋದ ದೀಪಾವಳಿಯ ಮುಂಚಿನ ಶನಿವಾರ ಪೆಟ್ಟಿಗೆ ಕಾಣೆಯಾಯಿತು. ಕೆಲಸದವಳನ್ನು ಕೇಳಿ, ಮಂಚದ ಕೆಳಗೆ ಹುಡುಕಿ, ಕೊನೆಗೆ ಮಗನ ಕೋಣೆಯಲ್ಲಿ ಅದರ ಮುಸುಕುಬಟ್ಟೆ ಮಾತ್ರ ಸಿಕ್ಕಾಗ ಅತ್ತೆ ಸೀರೆ ಬದಲಾಯಿಸಿ ಬಂದರು. "ಆ ಸುರಂಗ ನಿಮಗೆ ಗೊತ್ತಲ್ಲ ಅಳಿಯಂದ್ರೇ, ಆಟೊ ಕರೀರಿ."

ನಾವು ಮೆಟ್ಟಿಲಿಳಿಯುವಾಗ ಗುಂಯ್ ಶುರುವಾಗಿತ್ತು. ಮುದ್ರೆ ಹಾಕಲು ಬಂದ ಹುಡುಗಿಗೆ ಅತ್ತೆ ಕುಂಕುಮ ಕೊಡುತ್ತಾಳೇನೋ ಎಂದು ಹಣೆ ಮುಂದೆ ಮಾಡಿದರು. ಒಳಗೆ ಮೇಜಿನ ಮೇಲೆ, ವೈರುಗಳ ನಡುವೆ, ಅವರ ಪೆಟ್ಟಿಗೆ. ಭಾವಮೈದ ಗೋಡೆಯೊಳಗೆ ಸೇರಿಹೋಗಲು ಯತ್ನಿಸುತ್ತಿದ್ದ. ಅತ್ತೆ ಅವನ ಕಡೆ ನೋಡಲಿಲ್ಲ. ತಲೆ ವಾಲಿಸಿ ಒಂದು ನಿಮಿಷ ಕೇಳಿದರು.

"ಇದು ಐದೂ ಅಲ್ಲ, ಐದೂವರೆಯೂ ಅಲ್ಲ. ಯಾರಪ್ಪಾ ನನ್ನ ಶ್ರುತಿ ಕೆಡಿಸಿದ್ದು?"

"ಆಂಟಿ, ಅದು ಫ್ರಿಜ್ ಶ್ರುತಿ" ಎಂದ ಗಡ್ಡಧಾರಿ, ಮೆಲ್ಲಗೆ.

ಅತ್ತೆ ಫ್ರಿಜ್ಜಿನ ಹತ್ತಿರ ಹೋಗಿ ನಿಂತರು. ಐವತ್ತು ಹರ್ಟ್ಜ್ ಬೀಳುವುದು ನಿಜವಾಗಿಯೂ ಐದಕ್ಕೂ ಐದೂವರೆಗೂ ನಡುವೆ ಎಂದು ಆಮೇಲೆ ಲೆಕ್ಕ ಹಾಕಿ ನೋಡಿದೆ. ಅವರಿಗೆ ಲೆಕ್ಕ ಬೇಕಾಗಲಿಲ್ಲ. "ಹೌದು, ಅದಕ್ಕೆ ಸೇರಿದೆ. ಹಾಗಾದ್ರೆ ಪಂಚಮ ಯಾಕೆ ಅಲ್ಲಾಡ್ತಿದೆ?" ಎಂದು ಮೇಜಿಗೆ ಬಂದು ಪೆಟ್ಟಿಗೆಯ ಗುಂಡಿಯೊಂದನ್ನು ಕೂದಲೆಳೆಯಷ್ಟು ತಿರುಗಿಸಿದರು. ಅಲ್ಲಿಯವರೆಗೆ ವ್ವಾ ವ್ವಾ ಎಂದು ಅಲೆಯುತ್ತಿದ್ದ ನಾದ ನಿಧಾನವಾಯಿತು, ಇನ್ನೂ ನಿಧಾನವಾಯಿತು, ನಿಂತಿತು. ಕೋಣೆಯೇ ಒಂದು ಸೇರು ಹಗುರಾದಂತಿತ್ತು. ಹದಿನಾರು ಗಲ್ಲಗಳೂ ಒಟ್ಟಿಗೆ ಮೇಲೆದ್ದವು.

"ಹಾಂ. ಈಗ ಹಾಡಪ್ಪ."

"ಇಷ್ಟೇ ಆಂಟಿ."

"ಇಷ್ಟೇನಾ? ಸರಿ" ಎಂದು ಅತ್ತೆ ಮೂಲೆಯಲ್ಲಿದ್ದ ಬಿಯರ್ ಕ್ರೇಟನ್ನು ಮಗುಚಿ ಹಾಕಿ ಅದರ ಮೇಲೆ ಕೂತು ಕಣ್ಣು ಮುಚ್ಚಿದರು. ನಲವತ್ತು ನಿಮಿಷ ಅಲ್ಲಾಡಲಿಲ್ಲ. ಆಟೊದಲ್ಲಿ ಪೆಟ್ಟಿಗೆಯನ್ನು ಮಡಿಲಲ್ಲಿ ಇಟ್ಟುಕೊಂಡು, "ಮೇಷ್ಟ್ರು ಮೊದಲ ಆರು ತಿಂಗಳು ನನ್ನ ಕೈಲೂ ಬರೀ ತಂಬೂರಿ ಮೀಟಿಸಿದ್ರು. ಆಮೇಲೆ ಹಾಡಿಸಿದ್ರು ಅನ್ನಿ" ಎಂದರು. ಮಗ ರಸ್ತೆಯ ಕಡೆ ತಿರುಗಿ ಕೂತಿದ್ದ.

ಮೊನ್ನೆ ಶನಿವಾರ ಸಂಜೆ ಐದೂವರೆ. ಭಾವಮೈದ ಸೋಫಾದ ಮೇಲೆ ಕೂತು ಫೋನನ್ನೇ ನೋಡುತ್ತಿದ್ದ. ಈ ಸಲ ಬರೀ ಎಂಟೇ ಜನಕ್ಕಂತೆ, ಆರಿಸಿ ಕಳಿಸುತ್ತಾರಂತೆ. ಆರಾಯಿತು. ಅವನ ಫೋನು ಸುಮ್ಮನಿತ್ತು. ಅಡುಗೆಮನೆಯಲ್ಲಿ, ಕಾಫಿ ಡಬ್ಬಿಯ ಪಕ್ಕದಲ್ಲಿಟ್ಟಿದ್ದ ಅತ್ತೆಯ ಫೋನು ಟಿಂಗ್ ಎಂದಿತು. ಕನ್ನಡಕ ಹಾಕಿಕೊಂಡು ಓದಿದರು. ನನ್ನ ಹತ್ತಿರ ಬಂದು, ಸೋಫಾದ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ ಕೇಳಿದರು:

"ಅಳಿಯಂದ್ರೇ, ಇವನನ್ನೂ ಕರ್ಕೊಂಡು ಹೋಗ್ಬಹುದಾ? ಇಲ್ಲಾ ಜನ ಜಾಸ್ತಿ ಆಗ್ತಾರಾ?"